ಇನ್ನೇನು, ಇಳಿದರೆ ಆಯ್ತಲ್ಲ!

ಚಾರಣದಲ್ಲಿ ಅತ್ಯಂತ ಅಪಾಯಕಾರಿಯಾದ ಮಾತೆಂದರೆ ‘ಇನ್ನೇನು, ಇಳಿದರೆ ಆಯ್ತಲ್ಲ’ ಎಂಬುದು. ಮುಗಿಯಲು ಇನ್ನೆರಡು ದಿನ ಇರುವಾಗ, ರಾತ್ರಿ ಉಂಡು ಕಾಲು ಚಾಚಿ ಕೂತಲ್ಲಿ, ಗುಂಪಿನಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಉಳಿದವರು ಹೂಂಗುಟ್ಟುತ್ತಾರೆ. ಅಷ್ಟು ಸಾಕು, ಗ್ಯಾಸು, ಜಿಪ್ಪು, ಬೂಟು, ಮಂಡಿ, ಬ್ಯಾಟರಿ ಎಲ್ಲಕ್ಕೂ ಸುದ್ದಿ ಮುಟ್ಟಿಬಿಡುತ್ತದೆ.

ಮೊದಲ ದಿನ ಏನೂ ಕೆಡುವುದಿಲ್ಲ. ಕೆಟ್ಟರೂ ಪರವಾಗಿಲ್ಲ, ಎಲ್ಲರ ಚೀಲದಲ್ಲೂ ಎಲ್ಲವೂ ಎರಡೆರಡು ಇರುತ್ತದೆ. ಸೂಜಿ ಕೇಳಿದರೆ ಸೂಜಿಪೆಟ್ಟಿಗೆ ತೆಗೆದುಕೊಡುವ ಉತ್ಸಾಹವೂ ಇರುತ್ತದೆ. ‘ಇರಲಿ ಬಿಡು, ಆಮೇಲೆ ನೋಡೋಣ’ ಎಂದು ಅಲ್ಲಲ್ಲಿ ಬಿಟ್ಟುಬಂದ ಸಣ್ಣಪುಟ್ಟ ಕೆಲಸಗಳೇ ಬಾಕಿಯಾಗಿ ಕೂಡಿಕೊಂಡು, ಬಡ್ಡಿ ಸಮೇತ ವಸೂಲಿಗೆ ಬರುವುದು ಕೊನೆಯ ಎರಡು ದಿನಗಳಲ್ಲಿ. ಆ ಹೊತ್ತಿಗೆ ಸೂಜಿಪೆಟ್ಟಿಗೆ ಎಲ್ಲಿದೆಯೆಂದು ಅದನ್ನು ತಂದವನಿಗೇ ಗೊತ್ತಿರುವುದಿಲ್ಲ.

ಮೊದಲು ಕೈಕೊಡುವುದು ಗ್ಯಾಸ್. ಪ್ರತಿ ಗುಂಪಿನಲ್ಲೂ ಗ್ಯಾಸ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ, ‘ಇನ್ನೂ ಎರಡು ದಿನಕ್ಕೆ ಧಾರಾಳ’ ಎಂದು ತೀರ್ಪು ಕೊಡುವ ಒಬ್ಬ ತಜ್ಞ ಇರುತ್ತಾನೆ. ಒಳಗೆ ದ್ರವ ಅಲ್ಲಾಡುವ ಸದ್ದು ಕೇಳುವುದು ನಿಜ. ಆದರೆ ಅರವತ್ತು ಗ್ರಾಂ ಉಳಿದಿದ್ದರೂ ಅದೇ ಸದ್ದು, ಇಪ್ಪತ್ತು ಗ್ರಾಂ ಉಳಿದಿದ್ದರೂ ಹೆಚ್ಚುಕಡಿಮೆ ಅದೇ ಸದ್ದು. ತಿರುಪಿನ ಬಾಯಿಯ ಸಾಮಾನ್ಯ ಡಬ್ಬಿಯ ಮೇಲೆ 230 ಗ್ರಾಂ ಎಂದು ಬರೆದಿದ್ದರೆ ಅದು ಒಳಗಿನ ಗ್ಯಾಸಿನ ತೂಕ. ತಗಡಿನದು ಬೇರೆ ಸುಮಾರು 150 ಗ್ರಾಂ. ಮನೆಯಲ್ಲಾದರೆ ತಕ್ಕಡಿಗೆ ಹಾಕಿ ಕಳೆದರೆ ಮುಗಿಯಿತು. ಕಾಡಿನಲ್ಲಿ ತಕ್ಕಡಿ ಇಲ್ಲ, ನೀರಿದೆ. ಹೊಸ ಡಬ್ಬಿಯನ್ನು ಮೊದಲ ದಿನವೇ ನೀರಲ್ಲಿ ತೇಲಿಬಿಟ್ಟು, ನೀರು ಎಲ್ಲಿಗೆ ಬರುತ್ತದೋ ಅಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದಿಡಬೇಕು. ಖಾಲಿಯಾಗುತ್ತ ಹೋದಂತೆ ಡಬ್ಬಿ ಮೇಲೆ ಮೇಲೆ ತೇಲುತ್ತದೆ. ಕೆಲವು ಡಬ್ಬಿಗಳ ಪಕ್ಕದಲ್ಲಿ ಈ ಅಳತೆಗೆರೆಗಳು ಮುದ್ರಿಸಿಯೇ ಬರುತ್ತವೆ. ಅವುಗಳನ್ನು ಅಲಂಕಾರ ಎಂದುಕೊಂಡವರೇ ಬಹಳ. ತೇಲಿಬಿಡುವ ಮೊದಲು ಸ್ಟೋವ್ ಬಿಚ್ಚಿರಬೇಕು, ಡಬ್ಬಿಯನ್ನು ಒಮ್ಮೆ ಓರೆ ಮಾಡಿ ತಳದ ಗುಳಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಬಿಡಬೇಕು. ಇಲ್ಲವಾದರೆ ಆ ಗಾಳಿಗುಳ್ಳೆಯೇ ಡಬ್ಬಿಯನ್ನು ಎತ್ತಿ ಹಿಡಿದು, ಇರುವ ಗ್ಯಾಸನ್ನೂ ಇಲ್ಲ ಎನಿಸುತ್ತದೆ.

ಲೆಕ್ಕವೇನೂ ಕಷ್ಟದ್ದಲ್ಲ. ಗಾಳಿಯಿಲ್ಲದ ಕಡೆ, ಪಾತ್ರೆಗೆ ಮುಚ್ಚಳ ಹಾಕಿ ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸು ಬೇಕು. ಐದು ಜನಕ್ಕೆ ಬೆಳಗಿನ ಚಹಾ, ತಿಂಡಿ, ರಾತ್ರಿಯ ಅಡುಗೆ ಎಲ್ಲ ಸೇರಿ ದಿನಕ್ಕೆ ಐದು ಲೀಟರ್ ಎಂದುಕೊಂಡರೆ 75 ಗ್ರಾಂ. ಅಂದರೆ 230 ಗ್ರಾಂ ಡಬ್ಬಿಗೆ ಮೂರು ದಿನ ಆಯುಸ್ಸು. ಇದು ಕಾಗದದ ಮೇಲೆ. ನೆಲದ ಮೇಲೆ ಮುಚ್ಚಳ ಎರಡನೇ ದಿನವೇ ತಟ್ಟೆಯಾಗಿ ಬಡ್ತಿ ಪಡೆದಿರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ, ಮತ್ತು ‘ಇನ್ನೊಂದು ಗುಟುಕು ಚಹಾ ಆಗ್ಲಿ’ ಎನ್ನುವ ಬಾಯಿಗಳು ಐದು. ಮರೆಯಿಲ್ಲದ ಜಾಗದಲ್ಲಿ ಜೋರು ಗಾಳಿಗೆ ಖರ್ಚು ಎರಡು ಪಟ್ಟಾಗುವುದು ಏನೂ ಅಪರೂಪವಲ್ಲ.

ಇಷ್ಟೆಲ್ಲ ಮಾಡಿ ಗ್ಯಾಸು ಉಳಿಸಿಕೊಂಡಿದ್ದರೂ ಕೊನೆಯ ಬೆಳಗ್ಗೆ ಒಲೆ ಮುನಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಸದ್ದು, ಹಚ್ಚಿದರೆ ಮೊಂಬತ್ತಿಯಷ್ಟೂ ಉರಿಯಿಲ್ಲ. ತಜ್ಞ ಸ್ಟೋವಿನ ಮೂತಿಗೆ ಸೂಜಿ ಹಾಕಿ ಕೆದಕುತ್ತಾನೆ. ತಪ್ಪು ಮೂತಿಯದ್ದಲ್ಲ. ಡಬ್ಬಿಯೊಳಗಿರುವುದು ಮಿಶ್ರಣ: ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಐಸೊಬ್ಯುಟೇನ್ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ, ಸಾದಾ ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲಿ. ಚುರುಕಾದ ಪ್ರೊಪೇನ್ ಮೊದಲ ದಿನಗಳಲ್ಲೇ ಹೆಚ್ಚಾಗಿ ಉರಿದುಹೋಗಿ, ಕೊನೆಗೆ ಉಳಿಯುವುದು ಸೋಮಾರಿ ಪಾಲು. ಅದರ ಮೇಲೆ ದ್ರವ ಆವಿಯಾಗುವಾಗ ಡಬ್ಬಿಯ ಬಿಸಿಯನ್ನೇ ಎಳೆದುಕೊಳ್ಳುವುದರಿಂದ ಡಬ್ಬಿ ಮತ್ತಷ್ಟು ತಣ್ಣಗಾಗುತ್ತದೆ; ಹೊರಮೈಗೆ ಇಬ್ಬನಿ, ಚಳಿ ಜಾಸ್ತಿಯಿದ್ದರೆ ಮಂಜಿನ ಪದರವೇ ಕೂರುತ್ತದೆ. ಪರಿಹಾರ ಸುಲಭ. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ಉಗುರುಬೆಚ್ಚಗಿನ ನೀರು ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿದರೆ ಉರಿ ಏಳುತ್ತದೆ. ಬಿಸಿನೀರು ಬೇಡ, ಕೈ ಅದ್ದಿ ಸುಮ್ಮನೆ ಇಟ್ಟುಕೊಳ್ಳಬಹುದಾದಷ್ಟು ಬೆಚ್ಚಗಿದ್ದರೆ ಸಾಕು. ಬೆಂಕಿಯಿಂದ ಡಬ್ಬಿಯನ್ನು ಕಾಯಿಸುವುದು, ಗಾಳಿತಡೆಯ ತಗಡನ್ನು ಸುತ್ತಲೂ ಬಿಗಿಯಾಗಿ ನಿಲ್ಲಿಸಿ ಶಾಖವನ್ನೆಲ್ಲ ಡಬ್ಬಿಗೇ ತಿರುಗಿಸುವುದು, ಇವೆರಡರ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ, ಡಬ್ಬಿ ಸಿಡಿಯುತ್ತದೆ. ತಡೆಯ ಒಂದು ಬದಿ ತೆರೆದಿರಲಿ, ಆಗಾಗ ಡಬ್ಬಿ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ತಕ್ಷಣ ಆರಿಸಿ.

ಇನ್ನೊಂದು ಉಪಾಯ, ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಂಡು ಮಲಗುವುದು. ಇದೂ ಸರಿಯೇ. ಕಷ್ಟವೇನೆಂದರೆ ಒಳಗೆ ಹಾಕಿಕೊಂಡು ಮಲಗಬೇಕಾದ ಸಾಮಾನಿನ ಪಟ್ಟಿ ದಿನದಿಂದ ದಿನಕ್ಕೆ ಬೆಳೆಯುತ್ತದೆ. ನೀರಿನ ಫಿಲ್ಟರ್, ಏಕೆಂದರೆ ಅದರೊಳಗಿನ ಸಣ್ಣ ನಳಿಗೆಗಳಲ್ಲಿ ನೀರು ಹೆಪ್ಪುಗಟ್ಟಿದರೆ ಅವು ಬಿರಿದು ಫಿಲ್ಟರ್ ಕೆಲಸಕ್ಕೆ ಬಾರದಂತಾಗುತ್ತದೆ, ಬಿರಿದದ್ದು ಕಣ್ಣಿಗೂ ಕಾಣುವುದಿಲ್ಲ. ಫೋನು ಮತ್ತು ಪವರ್ ಬ್ಯಾಂಕು, ಏಕೆಂದರೆ ಚಳಿಗೆ ಲಿಥಿಯಂ ಬ್ಯಾಟರಿ ಇಪ್ಪತ್ತು ಶೇಕಡಾ ತೋರಿಸುತ್ತಲೇ ಕಣ್ಣು ಮುಚ್ಚಿಬಿಡುತ್ತದೆ. ಒದ್ದೆ ಕಾಲುಚೀಲ, ಮೈಶಾಖಕ್ಕೆ ಒಣಗಲೆಂದು. ಬೆಳಗ್ಗೆ ಹಾಕಿಕೊಳ್ಳುವ ಅಂಗಿ. ಇವೆಲ್ಲ ಒಳಗೆ ಹೋದಮೇಲೆ ಮನುಷ್ಯನೂ ಹೊಕ್ಕಬೇಕು.

ಆ ಬ್ಯಾಗು ಕೊನೆಯ ರಾತ್ರಿಗಳಲ್ಲಿ ಮೊದಲಿನಷ್ಟು ಬೆಚ್ಚಗಿರುವುದಿಲ್ಲ ಎಂಬ ದೂರೂ ಸುಳ್ಳಲ್ಲ. ಮೈಯ ಬೆವರಿನಾವಿ ರಾತ್ರಿ ರಾತ್ರಿಯೂ ಒಳಗಿನ ತುಪ್ಪುಳಿನಲ್ಲಿ ಸೇರಿಕೊಂಡು ಅದು ಮುದ್ದೆಯಾಗುತ್ತದೆ. ಉಬ್ಬು ಇಳಿದರೆ ಗಾಳಿ ನಿಲ್ಲುವುದಿಲ್ಲ, ಗಾಳಿ ನಿಲ್ಲದಿದ್ದರೆ ಬೆಚ್ಚಗಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ಅರ್ಧ ಗಂಟೆ ಬಂಡೆಯ ಮೇಲೆ ಬಿಸಿಲಿಗೆ ಹರವಿದರೆ ಮತ್ತೆ ಏಳುತ್ತದೆ. ಜೊತೆಗೆ, ಹೊಟ್ಟೆ ತುಂಬ ಉಣ್ಣದೆ ಮಲಗಿದವರಿಗೆ ಯಾವ ಬ್ಯಾಗೂ ಸಾಲದು. ಅಲ್ಲಿಗೆ ಊಟದ ಮಾತು ಬಂತು.

ನಡೆಯುವ ರಜೆಯಲ್ಲಿ ಹಸಿವು ತಡವಾಗಿ ಬರುವ ಅತಿಥಿ. ಮೊದಲ ಒಂದೆರಡು ದಿನ ದಣಿವಿಗೆ ಅನ್ನವೇ ಸೇರುವುದಿಲ್ಲ, ಆದ್ದರಿಂದ ರುಚಿಯಾದದ್ದನ್ನೇ ಆರಿಸಿ ಆರಿಸಿ ತಿನ್ನುತ್ತಾರೆ. ಮೂರನೆಯದೋ ನಾಲ್ಕನೆಯದೋ ದಿನ ಹೊಟ್ಟೆಗೆ ಬುದ್ಧಿ ಬಂದು, ಕಲ್ಲು ಕೊಟ್ಟರೂ ಕರಗಿಸುತ್ತೇನೆ ಎನ್ನುವ ಹೊತ್ತಿಗೆ ಚೀಲದಲ್ಲಿ ಉಳಿದಿರುವುದು ಯಾರೂ ಇಷ್ಟಪಡದ ಓಟ್ಸು, ಬಾಯಿ ಬಿಗಿಯಾಗಿ ಕಟ್ಟದೆ ಗಡ್ಡೆಗಟ್ಟಿದ ಹಾಲಿನ ಪುಡಿ, ಪುಡಿಯಾದ ಬಿಸ್ಕತ್ತು ಮತ್ತು ಐದು ಪೊಟ್ಟಣ ಉಪ್ಪು. ಉಪ್ಪು ಐದು ಏಕೆಂದರೆ ‘ಯಾರೂ ತರೋದಿಲ್ಲ, ನಾನೇ ತರ್ತೀನಿ’ ಎಂದು ಐದೂ ಜನ ಅಂದುಕೊಂಡಿದ್ದರು. ತಲೆಗೆ ದಿನಕ್ಕೆ 600ರಿಂದ 700 ಗ್ರಾಂ ಒಣ ಆಹಾರ ಎಂದು ತೂಗಿ ತಂದ ಗುಂಪಿಗೂ ಈ ಗತಿ ತಪ್ಪಿದ್ದಲ್ಲ. ತೂಕ ಸರಿಯಿದ್ದರೂ ಹಂಚಿಕೆ ಹಳ್ಳ ಹಿಡಿದಿರುತ್ತದೆ. ಇದಕ್ಕಿರುವ ಒಂದೇ ಮದ್ದು, ಕೊನೆಯ ಎರಡು ದಿನದ ಪಡಿಯನ್ನು ಹೊರಡುವ ಮೊದಲೇ ಬೇರೆ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದು, ಗುಂಪಿನಲ್ಲಿ ಅತಿ ಹೆಚ್ಚು ಜಗಳ ಆಡಬಲ್ಲವರ ಕೈಗೆ ಕೊಡುವುದು. ಒಳ್ಳೆಯ ಸ್ವಭಾವದವರ ಕೈಗೆ ಕೊಟ್ಟರೆ ಎರಡನೇ ದಿನವೇ ಗಂಟು ಬಿಚ್ಚಿರುತ್ತದೆ.

ಎತ್ತರದಲ್ಲಿ ಇನ್ನೊಂದು ತಾಪತ್ರಯ. ಮುನ್ನೂರು ಮೀಟರ್ ಏರಿದಂತೆಲ್ಲ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 3,000 ಮೀಟರಿನಲ್ಲಿ 90 ಡಿಗ್ರಿಗೇ ಕೊತಕೊತ. ನೋಡಲು ಭರ್ಜರಿಯಾಗಿ ಕುದಿಯುತ್ತಿರುತ್ತದೆ, ಅಕ್ಕಿ ಮಾತ್ರ ಹಾಗೇ ಇರುತ್ತದೆ. ಉರಿ ಜೋರು ಮಾಡಿದರೆ ಗ್ಯಾಸು ಮುಗಿಯುತ್ತದೆಯೇ ಹೊರತು ನೀರಿನ ಬಿಸಿ ಏರುವುದಿಲ್ಲ. ಅಕ್ಕಿಯನ್ನು ಡೇರೆ ಹಾಕುವ ಮೊದಲೇ ತಣ್ಣೀರಿನಲ್ಲಿ ನೆನೆಹಾಕಿ, ಆಮೇಲೆ ಐದು ನಿಮಿಷ ಕುದಿಸಿ, ಮುಚ್ಚಳ ತೆಗೆಯದೆ ಜಾಕೆಟ್ಟಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ ಇಟ್ಟರೆ ತಾನಾಗಿ ಬೇಯುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಐದು ಸಲ ಮುಚ್ಚಳ ಎತ್ತಿ ‘ಆಯ್ತಾ?’ ಎಂದು ನೋಡುವವರನ್ನು ನೀರು ತರಲು ದೂರ ಕಳಿಸಬೇಕು.

ಡೇರೆಯ ಕಥೆ. ಕೊನೆಯ ದಿನಗಳ ಬೆಳಗ್ಗೆ ಎದ್ದವರು ‘ರಾತ್ರಿ ಮಳೆ ಬಂದಿತ್ತಾ?’ ಎಂದು ಕೇಳುತ್ತಾರೆ. ಬಂದಿರಲಿಲ್ಲ. ಮಲಗಿದ ಒಬ್ಬೊಬ್ಬರ ಉಸಿರು, ಮೈಯಿಂದ ಒಂದು ರಾತ್ರಿಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಮೂವರು ಮಲಗಿದ ಡೇರೆಯಲ್ಲಿ ಅದು ಮುಕ್ಕಾಲು ಲೀಟರ್. ‘ಚಳಿ ಕಣೇ, ಮುಚ್ಚೇ ಅದನ್ನ’ ಎಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿಸಿದ ಗೆಳತಿಯ ದಯೆಯಿಂದ ಅಷ್ಟೂ ತಂಪಾದ ಹೊರಹೊದಿಕೆಗೆ ತಾಗಿ, ಹನಿಗಟ್ಟಿ, ಜಿಪ್ ಎಳೆದವರ ಕುತ್ತಿಗೆಯ ಮೇಲೆಯೇ ಬೀಳುತ್ತದೆ. ಮೇಲಿನ ಕಿಂಡಿ, ಬಾಗಿಲಿನ ಮೇಲಂಚು ಎರಡನ್ನೂ ಒಂದು ಗೇಣು ತೆರೆದಿಡಬೇಕು. ಒಳಗೆ ಬರುವ ಚಳಿಗಿಂತ ಒದ್ದೆಯಾದ ಹೊದಿಕೆಯ ಚಳಿ ದೊಡ್ಡದು. ಬೆಳಗ್ಗೆ ಹೊರಹೊದಿಕೆಯನ್ನು ಬಿಚ್ಚಿ, ಇಬ್ಬರು ಎರಡು ಬದಿ ಹಿಡಿದು ಹತ್ತು ಸಲ ಜಾಡಿಸಿ, ಒಂದು ಬಟ್ಟೆಯಿಂದ ಒರೆಸಿದರೆ ಅರ್ಧ ಕಿಲೋ ನೀರನ್ನು ಬೆನ್ನ ಮೇಲೆ ಹೊತ್ತು ಇಳಿಯುವುದು ತಪ್ಪುತ್ತದೆ. ಊಟ ಖಾಲಿಯಾದರೂ ಚೀಲ ಹಗುರವಾಗಿಲ್ಲವಲ್ಲ ಎಂದು ಗೊಣಗುವವರು ಇದನ್ನು ಹೊತ್ತಿರುತ್ತಾರೆ. ಜೊತೆಗೆ ಕಸದ ಚೀಲವನ್ನೂ.

ಜಿಪ್ಪು ಹಾಳಾಗುವುದಕ್ಕೂ ಒಂದು ಕ್ರಮವಿದೆ. ರನ್ನರ್ ಸಲೀಸಾಗಿ ಓಡುತ್ತದೆ, ಹಿಂದಿನಿಂದ ಹಲ್ಲುಗಳು ಬಾಯಿ ಬಿಟ್ಟುಕೊಂಡೇ ಉಳಿಯುತ್ತವೆ. ಆಗ ಎಲ್ಲರೂ ಹಲ್ಲನ್ನು ಬೈಯುತ್ತಾರೆ. ಹಲ್ಲು ನಿರಪರಾಧಿ, ಮರಳು, ಧೂಳು ತುಂಬಿದ ಜಿಪ್ಪನ್ನು ದಿನಕ್ಕೆ ಇಪ್ಪತ್ತು ಸಲ ಎಳೆದು ಎಳೆದು ರನ್ನರಿನ ಒಳಗೋಡೆ ಸವೆದು ಅಗಲವಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ನೀರು ಹಾಕಿ ಜಿಪ್ಪು ತೊಳೆದು, ರನ್ನರನ್ನು ಪೂರ್ತಿ ತೆರೆದ ತುದಿಗೆ ತಂದು, ಇಕ್ಕಳದಿಂದ ಅದರ ಹಿಂತುದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಸುವೇ ಒತ್ತಿ, ಎಳೆದು ನೋಡಿ, ಬೇಕಾದರೆ ಮತ್ತೆ ತುಸು ಒತ್ತಬೇಕು. ಹಿಂತುದಿ ಎಂದರೆ ಮುಚ್ಚಿದ ಹಲ್ಲುಗಳು ಹೊರಬರುವ ಕಡೆ. ಎರಡು ಸಾಲು ಬೇರೆ ಬೇರೆಯಾಗಿ ಒಳಹೋಗುವ ಕಡೆಯನ್ನು ಮುಟ್ಟಬಾರದು. ಬಹುತೇಕ ರನ್ನರುಗಳು ಸತುವಿನ ಮಿಶ್ರಲೋಹದ ಎರಕ, ಬಗ್ಗುವುದಕ್ಕಿಂತ ಬೇಗ ಮುರಿಯುತ್ತವೆ. ‘ನಾನಿದೀನಲ್ಲ, ಕೊಡಿಲ್ಲಿ’ ಎಂದು ತೋಳೇರಿಸಿ ಬರುವ ಗೆಳೆಯನ ಕೈಗೆ ಇಕ್ಕಳ ಸಿಗದಂತೆ ನೋಡಿಕೊಳ್ಳುವುದು ರಿಪೇರಿಯ ಅರ್ಧ ಭಾಗ. ಅವನ ಕೈಯಲ್ಲಿ ರನ್ನರ್ ಎರಡು ತುಂಡಾದ ಮೇಲೆ ಬಾಗಿಲಿಗೆ ನಾಲ್ಕು ಸೇಫ್ಟಿ ಪಿನ್ನೇ ಗತಿ, ಮತ್ತು ಮಧ್ಯರಾತ್ರಿ ಹೊರಹೋಗಬೇಕಾದವರು ನಾಲ್ಕನ್ನೂ ಬಿಚ್ಚಬೇಕು.

ಗೂಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಟಾಗ ಹದಿನಾಲ್ಕು, ಕೊನೆಗೆ ಒಂಬತ್ತು. ಉಳಿದವು ಹುಲ್ಲಿನಲ್ಲಿ ಸುಖವಾಗಿವೆ. ಪ್ರತಿ ಬೆಳಗ್ಗೆ ಎಣಿಸಿ ಚೀಲಕ್ಕೆ ಹಾಕುವವರು ಈ ಸಾಲನ್ನು ಓದಬೇಕಿಲ್ಲ. ಉಳಿದವರು ಹಗ್ಗದ ಕುಣಿಕೆಯಲ್ಲಿ ಒಂದು ಕಡ್ಡಿ ತೂರಿಸಿ, ಅದರ ಮೇಲೆ ಚಿಕ್ಕ ಕಲ್ಲು, ಚಿಕ್ಕದರ ಮುಂದೆ ದೊಡ್ಡ ಕಲ್ಲು ಇಟ್ಟು ರಾತ್ರಿ ಕಳೆಯಬಹುದು.

ಕಂಬ ಸೀಳಿದರೆ ಅದಕ್ಕೆಂದೇ ಡೇರೆಯ ಜೊತೆ ಗೇಣುದ್ದದ ಒಂದು ಕೊಳವೆ ಕೊಟ್ಟಿರುತ್ತಾರೆ, ಸೀಳಿನ ಮೇಲೆ ಸರಿಸಿ ಎರಡೂ ತುದಿಗೆ ಟೇಪು ಸುತ್ತಿದರೆ ನಿಲ್ಲುತ್ತದೆ. ಆ ಕೊಳವೆಯನ್ನು ‘ಇದೇನೋ ಸುಮ್ಮನೆ ಭಾರ’ ಎಂದು ಮನೆಯಲ್ಲೇ ಬಿಟ್ಟುಬಂದವರು ಒಂದು ಗೂಟವನ್ನು ಪಟ್ಟಿಯಂತೆ ಕಟ್ಟಬಹುದು. ಗೂಟ ಉಳಿದಿದ್ದರೆ.

ಗಾಳಿ ತುಂಬುವ ಮ್ಯಾಟು ಕೊನೆಯ ರಾತ್ರಿಯೇ ಇಳಿಯುವುದು ಏಕೆಂದರೆ, ಅದನ್ನು ಕೊನೆಕೊನೆಗೆ ಡೇರೆಯಿಂದಾಚೆ ಕುಳಿತುಕೊಳ್ಳಲು ಎಳೆದು ತರುತ್ತಾರೆ. ಮುಳ್ಳು ನೋಡದೆ ಹರಟೆ. ರಾತ್ರಿ ಎರಡಕ್ಕೆ ಬೆನ್ನಿಗೆ ನೆಲ ತಾಗಿದಾಗ ತೂತು ಹುಡುಕಲು ನಿಂತರೆ ಸಿಗುವುದಿಲ್ಲ. ಸಂಜೆಯೇ ಬಿಗಿಯಾಗಿ ಊದಿ, ಒದ್ದೆ ತುಟಿಯನ್ನೋ ಕೆನ್ನೆಯನ್ನೋ ಹತ್ತಿರ ಹಿಡಿದು ಸಾಲು ಸಾಲಾಗಿ ಸರಿಸುತ್ತ ಹೋದರೆ ಸಣ್ಣ ತಣ್ಣನೆಯ ಗಾಳಿ ತಾಗುತ್ತದೆ. ಸೋಪಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಮೊದಲು ಬಾಯಿಬಿರಡೆ ನೋಡಿ, ಎಷ್ಟೋ ಸಲ ಅದರಲ್ಲಿ ಸಿಕ್ಕಿಕೊಂಡ ಒಂದು ಎಳೆ ಕೂದಲೇ ಅಪರಾಧಿ. ತೂತು ಸಿಕ್ಕಿದ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಒರೆಸಿ ಪೂರ್ತಿ ಒಣಗಿಸಿ, ತೇಪೆ ಹಚ್ಚಬೇಕು. ಗೋಂದು ಗಟ್ಟಿಯಾಗಲು ಗಂಟೆಗಟ್ಟಲೆ ಬೇಕಾಗುವುದರಿಂದ ಅದು ಆ ರಾತ್ರಿಗೆ ಬಾರದು. ಆ ರಾತ್ರಿಗೆ ಖಾಲಿ ಬೆನ್ನುಚೀಲ, ಹಗ್ಗ, ಉಳಿದ ಬಟ್ಟೆ ಎಲ್ಲ ಸೊಂಟದಿಂದ ಹೆಗಲವರೆಗೆ ಹಾಸಿಕೊಳ್ಳಿ. ಕಾಲಿಗೆ ಏನಿಲ್ಲದಿದ್ದರೂ ನಡೆದೀತು.

ಇನ್ನು ಇಳಿಯುವ ವಿಚಾರ. ಏರುವಾಗ ಎದೆ ಬಡಿಯುತ್ತದೆ, ಆದ್ದರಿಂದ ಕಷ್ಟ ಅನಿಸುತ್ತದೆ. ಇಳಿಯುವಾಗ ಉಸಿರು ಸರಾಗ, ಬಾಯಿಗೆ ಹಾಡು ಬರುತ್ತದೆ, ಕಷ್ಟವೆಲ್ಲ ಸದ್ದಿಲ್ಲದೆ ತೊಡೆಗೂ ಮಂಡಿಗೂ ಸೇರುತ್ತಿರುತ್ತದೆ. ಇಳಿಯುವ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಚಾಚಿಕೊಳ್ಳುತ್ತಲೇ ಭಾರವನ್ನು ತಡೆದು ಹಿಡಿಯಬೇಕು. ಸ್ನಾಯುವನ್ನು ಅತಿ ಹೆಚ್ಚು ನೋಯಿಸುವ ಕೆಲಸ ಅದೇ. ಆ ನೋವು ಅಲ್ಲೇ ಕಾಣಿಸಿಕೊಳ್ಳುವುದಿಲ್ಲ. ಅರ್ಧ ದಿನ, ಒಂದು ದಿನ ಬಿಟ್ಟು ಶುರುವಾಗಿ ಎರಡನೇ ದಿನದ ಹೊತ್ತಿಗೆ ಉತ್ತುಂಗಕ್ಕೆ ಬರುತ್ತದೆ. ಹಿಂದಿನ ದಿನ ಕುಣಿದುಕೊಂಡು ಇಳಿದವರು ಮರುದಿನ ಬಸ್ಸಿನ ಮೆಟ್ಟಿಲನ್ನು ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುವುದು ಇದರಿಂದಲೇ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಊರುಗೋಲನ್ನು ಸಮನೆಲದ ಅಳತೆಗಿಂತ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಉದ್ದ ಮಾಡಿದ ಮೇಲೆ ಮೈಭಾರ ಹಾಕಿ ಒಮ್ಮೆ ಒತ್ತಿ ನೋಡಿ. ವಾರಗಟ್ಟಲೆ ಕುಲುಕಿ ಸಡಿಲವಾದ ಬಿಗಿಪಟ್ಟಿ ಸಮನೆಲದಲ್ಲಿ ಸುಮ್ಮನಿದ್ದು, ಕಡಿದಾದ ಜಾಗದಲ್ಲಿ ಪೂರ್ತಿ ಭಾರ ಬಿದ್ದಾಗಲೇ ಸರ್ರನೆ ಒಳಸೇರುತ್ತದೆ. ಕೋಲು ಮೊಳದಷ್ಟಾಗುತ್ತದೆ, ಕೋಲು ಹಿಡಿದವರೂ.

ಬೊಕ್ಕೆಗಳೂ ದಿಕ್ಕು ಬದಲಿಸುತ್ತವೆ. ಏರುವಾಗ ಹಿಮ್ಮಡಿಗೆ, ಇಳಿಯುವಾಗ ಬೆರಳ ತುದಿಗೆ. ಉಗುರು ಬೆಳೆದಿದ್ದರೆ ಬೂಟಿನ ಮೂತಿಗೆ ಬಡಿದು ಬಡಿದು ಹೆಬ್ಬೆರಳು ಕಪ್ಪಾಗುತ್ತದೆ. ಹೊರಡುವ ಎರಡು ಮೂರು ದಿನ ಮೊದಲೇ ಉಗುರು ಕತ್ತರಿಸಿರಬೇಕು. ಇಳಿಜಾರು ಶುರುವಾಗುವ ಮುನ್ನ ಲೇಸಿನ ಎರಡೂ ತುದಿಗಳನ್ನು ಆಯಾ ಬದಿಯ ಮೇಲಿನ ತೂತಿಗೇ ತೂರಿಸಿ ಸಣ್ಣ ಕುಣಿಕೆ ಮಾಡಿ, ಎಡದ ತುದಿಯನ್ನು ಬಲ ಕುಣಿಕೆಯಲ್ಲೂ ಬಲದ್ದನ್ನು ಎಡ ಕುಣಿಕೆಯಲ್ಲೂ ಹಾಯಿಸಿ ಬಿಗಿದರೆ ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಪಾದ ಮುಂದೆ ಜಾರುವುದಿಲ್ಲ. ಎಲ್ಲಾದರೂ ಬಿಸಿ ಬಿಸಿ ಅನಿಸಿದ ಕ್ಷಣವೇ ಕೂತು ಟೇಪು ಹಚ್ಚಬೇಕು, ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಒಣ ಚರ್ಮದ ಮೇಲೆ. ‘ಮುಂದಿನ ತಿರುವಿನಲ್ಲಿ ನೋಡ್ತೀನಿ’ ಎಂದವರಿಗೆ ಮುಂದಿನ ತಿರುವಿನಲ್ಲಿ ನೋಡಲು ಬೊಕ್ಕೆಯೇ ಸಿಗುತ್ತದೆ. ಚಿಕ್ಕ ಬೊಕ್ಕೆಯನ್ನು ಒಡೆಯಬೇಡಿ. ಅದರ ಮೇಲ್ಚರ್ಮದಷ್ಟು ಒಳ್ಳೆಯ ಪಟ್ಟಿ ಯಾವ ಔಷಧ ಪೆಟ್ಟಿಗೆಯಲ್ಲೂ ಇಲ್ಲ.

ಬೂಟಿನ ಅಟ್ಟೆ ಕಳಚುವ ಪ್ರಸಂಗ ಬೇರೆಯೇ. ‘ಹೊಸದೇ ಕಣೋ, ನಾಲ್ಕೇ ಸಲ ಹಾಕಿದ್ದು’ ಎನ್ನುವವರ ಬೂಟೇ ಮೊದಲು ಬಾಯಿ ಬಿಡುತ್ತದೆ. ಅಟ್ಟೆಯ ನಡುಪದರ ಪಾಲಿಯುರಿಥೇನ್ ಆಗಿದ್ದರೆ, ಹಾಕದೆ ಕಪಾಟಿನಲ್ಲಿಟ್ಟರೂ ಗಾಳಿಯ ತೇವ ವರ್ಷಗಟ್ಟಲೆ ಅದನ್ನು ಒಳಗೊಳಗೇ ಕೆಡಿಸುತ್ತದೆ. ನೋಡಲು ಹೊಸದು, ನಾಲ್ಕು ದಿನ ತುಳಿದರೆ ಹಿಟ್ಟು. ಎರಡೂ ಬೂಟು ಒಂದೇ ದಿನ ಹುಟ್ಟಿದವಾದ್ದರಿಂದ ಒಂದು ಹೋದ ಕೆಲವು ಗಂಟೆಗಳಲ್ಲಿ ಇನ್ನೊಂದೂ ಹಿಂಬಾಲಿಸುತ್ತದೆ. ಟೇಪೊಂದನ್ನೇ ಸುತ್ತಿದರೆ ಕಲ್ಲಿನ ದಾರಿಯಲ್ಲಿ ಒಂದು ಕಿಲೋಮೀಟರ್ ಬಂದರೆ ಹೆಚ್ಚು, ಒದ್ದೆ ಅಟ್ಟೆಗಂತೂ ಅಂಟುವುದೇ ಇಲ್ಲ. ತೆಳು ಹಗ್ಗವನ್ನು ಅಂಗಾಲಿನ ಕಮಾನಿನಡಿ, ಹಿಮ್ಮಡಿಯ ದಿಮ್ಮಿಗೆ ತಾಗುವಂತೆ ತಂದು ಪಾದದ ಮೇಲೆ ಕಟ್ಟಿ, ಬೆರಳಿನ ಬುಡದಲ್ಲಿ ಇನ್ನೊಂದು ಸುತ್ತು ಹಾಕಿ, ಗಂಟನ್ನು ಮೇಲ್ಭಾಗಕ್ಕೆ ತರಬೇಕು. ಗಂಟೆಗೊಮ್ಮೆ ಹಗ್ಗ ಸವೆದಿದೆಯೇ ನೋಡಬೇಕು. ಹಗ್ಗ ಎಲ್ಲಿಂದ ಬರಬೇಕು ಎಂದರೆ ಡೇರೆಯಿಂದ. ಹೇಗೂ ಗೂಟ ಕಡಿಮೆ ಇವೆಯಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಗುಂಪಿನ ನಕ್ಷೆಪ್ರವೀಣರು ಸಮಯದ ಲೆಕ್ಕ ಹಾಕಿಟ್ಟಿರುತ್ತಾರೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಒಂದು ಗಂಟೆ. ಕೊನೆಯ ದಿನ ಏರೇ ಇಲ್ಲ, ಹನ್ನೆರಡು ಕಿಲೋಮೀಟರ್ ಇಳಿಜಾರು; ಅಂದರೆ ಎರಡೂವರೆ ಗಂಟೆ. ಏಳಕ್ಕೆ ಹೊರಟರೆ ಒಂಬತ್ತೂವರೆ, ಬಸ್ಸು ಹನ್ನೆರಡಕ್ಕೆ, ನಡುವೆ ಸ್ನಾನ. ಎಷ್ಟು ಚೆಂದದ ಲೆಕ್ಕ! ಆದರೆ ಮೂಲ ಸೂತ್ರದಲ್ಲಿ ಇಳಿಜಾರಿನ ಮಾತೇ ಇಲ್ಲ. ಆಮೇಲೆ ಬಂದ ತಿದ್ದುಪಡಿಯ ಪ್ರಕಾರ ಕಡಿದಾದ ಇಳಿಜಾರಿಗೆ ಪ್ರತಿ ಮುನ್ನೂರು ಮೀಟರಿಗೆ ಹತ್ತು ನಿಮಿಷ ಕೂಡಿಸಬೇಕು. ಒಂಬೈನೂರು ಮೀಟರ್ ಇಳಿಯಬೇಕಾದರೆ ಅರ್ಧ ಗಂಟೆ. ಬೊಕ್ಕೆಯಿಲ್ಲದ, ಚೀಲ ಹಗುರಾದ, ಫೋಟೋ ತೆಗೆಯದ ಗಟ್ಟಿಮುಟ್ಟಾದವರಿಗೆ ಇದು ಮೂರು ಗಂಟೆ. ಐದು ಜನರ ಗುಂಪು ಚಲಿಸುವುದು ಹಗ್ಗ ಕಟ್ಟಿದ ಬೂಟಿನವರ ವೇಗದಲ್ಲಿ. ಜೊತೆಗೆ ಏಳಕ್ಕೆ ಹೊರಡುವುದೆಂದರೆ ಏಳಕ್ಕೆ ಡೇರೆ ಬಿಚ್ಚಲು ಶುರು ಮಾಡುವುದು ಎಂದೇ ಅರ್ಥ; ಹತ್ತು ನಿಮಿಷದ ವಿಶ್ರಾಂತಿ, ಮೊದಲು ತಲುಪಿದವರಿಗೆ ಇಪ್ಪತ್ತೈದು ನಿಮಿಷ, ಕೊನೆಗೆ ತಲುಪಿದವರಿಗೆ ಎರಡು ನಿಮಿಷ. ‘ಸರಿ, ಹೊರಡೋಣ್ವಾ?’ ಎಂದು ಮುಂದಿದ್ದವರು ಏಳುವುದು ಹಿಂದಿನವರು ಚೀಲ ಇಳಿಸುವ ಹೊತ್ತಿಗೇ. ಸ್ನೇಹಗಳು ಬಿರುಕು ಬಿಡುವುದು ಶಿಖರದ ಮೇಲಲ್ಲ, ಇಲ್ಲಿ. ಕೊನೆಗೆ ಬಂದವರು ಕೂತು, ನೀರು ಕುಡಿದು ಮುಗಿಸಿದ ಮೇಲೆ ಗಡಿಯಾರ ನೋಡಲು ಶುರು ಮಾಡುವುದು ಒಂದೇ ನಿಯಮ. ಸೂತ್ರದ ಉತ್ತರವನ್ನು ಸುಮ್ಮನೆ ಎರಡರಿಂದ ಗುಣಿಸಿ, ಬಸ್ಸು ಸಿಕ್ಕರೂ ಸಿಕ್ಕೀತು.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ಮೂಗು ಒಂದೇ ವಾಸನೆಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಗುಂಪಿನ ಐವರಿಗೂ ಗುಂಪು ಘಮಘಮಿಸುತ್ತಲೇ ಇರುತ್ತದೆ. ಬೆವರಿಗೆ ತನ್ನದೇ ವಾಸನೆ ಇಲ್ಲವೆಂದೇ ಹೇಳಬೇಕು. ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳ ಕೊಡುಗೆ ಅದು. ಪಾಲಿಯೆಸ್ಟರ್ ಅಂಗಿ ಮೈಯೆಣ್ಣೆಯನ್ನು ಹಿಡಿದಿಟ್ಟುಕೊಂಡು ಅವಕ್ಕೆ ಊಟ ಹಾಕುತ್ತದೆ, ಉಣ್ಣೆ ಅಷ್ಟಾಗಿ ಹಾಕುವುದಿಲ್ಲ. ಒಂದು ಜೊತೆ ಅಂಗಿ, ಕಾಲುಚೀಲವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊನೆಯ ದಿನಕ್ಕೆಂದೇ ಮುಟ್ಟದೆ ಇಡುವುದು ಸಹಪ್ರಯಾಣಿಕರಿಗೆ ಮಾಡಬಹುದಾದ ಉಪಕಾರ. ವಿಮಾನದಲ್ಲಿ ಹೋಗುವವರು ಉಳಿದ ಗ್ಯಾಸ್ ಡಬ್ಬಿಯನ್ನು ಇಲ್ಲೇ ಬಿಡಬೇಕು. ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಚೀಲದಲ್ಲೂ ಬಿಡುವುದಿಲ್ಲ. ಆಗ ಹೊರಡುತ್ತಿರುವ ಇನ್ನೊಂದು ಗುಂಪಿಗೆ ಕೊಡಬಹುದು. ಅವರಲ್ಲೂ ಒಬ್ಬ ತಜ್ಞ ಇರುತ್ತಾನೆ, ಕಿವಿಗೆ ಹಿಡಿದು ನೋಡುತ್ತಾನೆ.

ಡೇರೆ ಯಾರ ಮನೆಗೆ ಹೋಗುತ್ತದೋ ಅವರು ಅದೇ ರಾತ್ರಿ ಅದನ್ನು ಬಿಚ್ಚಿ ಬಾಗಿಲು, ಕುರ್ಚಿ, ಎಲ್ಲಿ ಜಾಗವಿದೆಯೋ ಅಲ್ಲಿ ಹರವಬೇಕು. ಒದ್ದೆಯಾಗಿ ಸುತ್ತಿಟ್ಟ ಡೇರೆಗೆ ಒಂದೆರಡು ದಿನದಲ್ಲೇ ಬೂಷ್ಟು ಶುರು. ಕಪ್ಪು ಚುಕ್ಕೆ ಬಿದ್ದರೆ ಹೋಗುವುದಿಲ್ಲ, ಒಳಲೇಪನ ಅಂಟಂಟಾದರೆ ಮುಗಿಯಿತು. ‘ನಾಳೆ ಮಾಡ್ತೀನಿ, ಇವತ್ತು ಸುಸ್ತು’ ಎನ್ನುವವರ ಕೈಗೆ ಡೇರೆ ಕೊಡಬೇಡಿ. ಅವರಿಗೆ ಕಸದ ಚೀಲ ಕೊಡಿ. ಅದು ತಾನಾಗಿ ನೆನಪು ಮಾಡುತ್ತದೆ.

ಉಳಿದದ್ದು ಹಣದ ಲೆಕ್ಕ. ಇದನ್ನು ಬಸ್ಸು ಇಳಿಯುವ ಮೊದಲೇ ಮುಗಿಸಬೇಕು, ಏಕೆಂದರೆ ಆ ಮೇಲೆ ಎಲ್ಲರ ನೆನಪೂ ತಮತಮಗೆ ಅನುಕೂಲವಾಗಿ ಕೆಲಸ ಮಾಡಲು ಶುರು ಮಾಡುತ್ತದೆ. ಯಾರು ಯಾರಿಗೆ ಯಾವಾಗ ಏನು ಕೊಟ್ಟರು ಎಂಬ ಪುರಾಣ ಬಿಚ್ಚಬಾರದು. ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸಿ, ಒಬ್ಬೊಬ್ಬರೂ ಹಾಕಿದ ಹಣದಿಂದ ಆ ಪಾಲನ್ನು ಕಳೆಯಿರಿ. ಹೆಚ್ಚು ಬಂದವರಿಗೆ ಸಿಗಬೇಕು, ಕಡಿಮೆ ಬಂದವರು ಕೊಡಬೇಕು. ಅತಿ ಹೆಚ್ಚು ಕೊಡಬೇಕಾದವರು ಅತಿ ಹೆಚ್ಚು ಸಿಗಬೇಕಾದವರಿಗೆ ಕೊಡಲಿ, ಒಬ್ಬರ ಲೆಕ್ಕ ಸೊನ್ನೆಯಾಗುತ್ತದೆ; ಉಳಿದವರಲ್ಲಿ ಮತ್ತೆ ಹಾಗೇ. ಐದು ಜನಕ್ಕೆ ಹೆಚ್ಚೆಂದರೆ ನಾಲ್ಕು ಕೊಡುಕೊಳ್ಳುವಿಕೆಯಲ್ಲಿ ಚುಕ್ತಾ. ಮೂರು ಸರಾಗವಾಗಿ ಆಗುತ್ತವೆ. ನಾಲ್ಕನೆಯವರ ಫೋನಿನಲ್ಲಿ ಬ್ಯಾಟರಿ ಇರುವುದಿಲ್ಲ. ಪವರ್ ಬ್ಯಾಂಕು ಕೊಟ್ಟು ನೋಡಿ, 10,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಲೆಕ್ಕ, 5 ವೋಲ್ಟಿಗೆ ಏರಿಸಿ ನಷ್ಟ ಕಳೆದರೆ ಕೈಗೆ ಸಿಗುವುದು ಆರು ಸಾವಿರದ ಆಸುಪಾಸು. ಅದನ್ನೂ ಅವರೇ ಹಿಂದಿನ ರಾತ್ರಿ ಹಾಡು ಕೇಳುತ್ತ ಮುಗಿಸಿರುತ್ತಾರೆ. ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.